ಬರಗಾಲದ ಬ್ಯಾಚು: 2004ರ ಎಸ್ಸೆಸ್ಸೆಲ್ಸಿಯವರು ಎಲ್ಲೆಲ್ಲಿಗೆ ಹೋದೆವು

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ಮೊದಲು ಹಿಂಜರಿದೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಚರಿತ್ರೆ ಎಂದರೆ ಚಿತ್ರದುರ್ಗದ ಕೋಟೆ, ಪಾಳೆಯಗಾರರು, ಶಾಸನಗಳು ಎಂದುಕೊಂಡವನು. ಶಾಲೆಗೆ ಜಾಗ ಹೇಗೆ ಸಿಕ್ಕಿತು, ಕೊಠಡಿಗಳು ಯಾವಾಗ ಎದ್ದವು, ಯಾರ್ಯಾರು ಮುಖ್ಯೋಪಾಧ್ಯಾಯರಾಗಿದ್ದರು ಎಂಬುದನ್ನು ಬರೆಯಲು ನನಗಿಂತ ತಿಳಿದವರಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಒಂದು ಬ್ಯಾಚಿನ ಕಥೆ. 2001ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿ 2004ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದ ನಮ್ಮ ಬ್ಯಾಚು. ಶಾಲೆಯ ಐವತ್ತು ವರ್ಷದಲ್ಲಿ ಅದು ಮೂರು ವರ್ಷದ ಚರಿತ್ರೆ. ಅದನ್ನೇ ಬರೆಯುತ್ತೇನೆ.

ನಮ್ಮ ಶಾಲೆ ಇರುವುದು ಹಿರಿಯೂರು ತಾಲ್ಲೂಕಿನ ಅಂಚಿನಲ್ಲಿ. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಿಂದಲೂ ಮಕ್ಕಳು ಬರುತ್ತಿದ್ದರು. ಆದ್ದರಿಂದ ನಮ್ಮ ಯಾರ ಕಥೆ ಹೇಳಿದರೂ ಮಾರಿಕಣಿವೆಯಿಂದಲೇ ಶುರು ಮಾಡಬೇಕು.

ಬಾಬಾಬುಡನ್ ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡಗಟ್ಟಿ, ಮೈಸೂರು ಅರಸರ ಕಾಲದಲ್ಲಿ ಕಟ್ಟಿಸಿದ ಅಣೆಕಟ್ಟು ಅದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆಲಸ ಶುರುವಾಗಿ 1907ರ ಹೊತ್ತಿಗೆ ಮುಗಿಯಿತು. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರಿನಲ್ಲಿ ವಾಣಿವಿಲಾಸ ಸಾಗರವಾಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯ 130 ಅಡಿ ತುಂಬಿದರೆ ಕೋಡಿ ಬೀಳುತ್ತದೆ. ಹಾಗೆ ಕೋಡಿ ಬಿದ್ದಿದ್ದು 1933ರಲ್ಲಿ. ನಾವು ಹುಡುಗರಾಗಿದ್ದಾಗ ಊರಿನ ಅರಳಿಕಟ್ಟೆಯ ಮೇಲೆ ಕೂತ ಅಜ್ಜಂದಿರು ಆ ವರ್ಷದ ಸುದ್ದಿ ಹೇಳುತ್ತಿದ್ದರು. ಕೇಳುವ ನಮಗೆ ಅದು ಪುರಾಣದ ಹಾಗಿತ್ತು. ನಾವು ಕಂಡಿದ್ದು ನೀರು ಹಿಂದೆ ಸರಿದು ಬಿಟ್ಟುಹೋದ ಬಿರುಕು ನೆಲ, ಅದರಲ್ಲಿ ಮೇಯುವ ದನ.

ಮೂರು ವರ್ಷ, ಮೂರು ಬರ

2001-02, 2002-03, 2003-04. ಕರ್ನಾಟಕದಲ್ಲಿ ಸಾಲಾಗಿ ಬರ ಬಿದ್ದ ವರ್ಷಗಳಿವು. ನಾವು ಹೈಸ್ಕೂಲಿನಲ್ಲಿದ್ದ ವರ್ಷಗಳೂ ಇವೇ, ಒಂದು ವರ್ಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಿತ್ತಿದ ಶೇಂಗಾ ಬೀಜವೂ ವಾಪಸು ಬರಲಿಲ್ಲ. ತೆಂಗಿನ ಸುಳಿ ಒಣಗಿತು. ಬೋರ್‌ವೆಲ್ ಲಾರಿ ಊರಿಗೆ ಬಂದರೆ ಶಾಲೆ ಬಿಟ್ಟು ಓಡಿ ನೋಡುತ್ತಿದ್ದೆವು. ಧೂಳು ಮಾತ್ರ ಏಳುತ್ತಿತ್ತು. ಸಾಲ ಮಾಡಿ ಕೊರೆಸಿದವರು ಅದೇ ಧೂಳಿನಲ್ಲಿ ಕೂತುಬಿಡುತ್ತಿದ್ದರು.

ಈಗಿನ ಮಕ್ಕಳಿಗೆ ಇದನ್ನು ಹೇಳಬೇಕು. ಆಗ ಹೈಸ್ಕೂಲಿನಲ್ಲಿ ಬಿಸಿಯೂಟ ಇರಲಿಲ್ಲ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳ ಚಿಕ್ಕ ಮಕ್ಕಳಿಂದ ಶುರುವಾಗಿ, ಎಂಟರಿಂದ ಹತ್ತನೇ ತರಗತಿಗೆ ಬಂದಿದ್ದು 2007-08ರಲ್ಲಿ. ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಎರಡೂ ಬರುವ ಹೊತ್ತಿಗೆ ನಾವು ಶಾಲೆ ಬಿಟ್ಟಾಗಿತ್ತು. ಮಧ್ಯಾಹ್ನ ಡಬ್ಬಿ ತಂದವರು ಬೇವಿನ ಮರದ ಕೆಳಗೆ ಕೂರುತ್ತಿದ್ದರು. ತರದವರು ಬೋರಿಂಗ್ ಪಂಪಿನ ಹತ್ತಿರ ಆಟವಾಡುವ ಹಾಗೆ ನಟಿಸುತ್ತಿದ್ದರು. ನಮ್ಮ ವಿಜ್ಞಾನದ ಮೇಡಂ ಅದನ್ನು ಗಮನಿಸಿ, 'ನನಗೆ ಮುದ್ದೆ ಜಾಸ್ತಿ ಆಯ್ತು, ಬನ್ರೋ' ಎಂದು ಕರೆಯುತ್ತಿದ್ದರು. ಮೂರು ವರ್ಷವೂ ಅವರ ಡಬ್ಬಿಯಲ್ಲಿ ದಿನಾ ಮುದ್ದೆ ಹೇಗೆ ಜಾಸ್ತಿಯಾಗುತ್ತಿತ್ತು ಎಂದು ನಮಗೆ ಹೊಳೆದಿದ್ದು ಬಹಳ ತಡವಾಗಿ.

ನಾನು ಶಾಲೆಗೆ ಬರುತ್ತಿದ್ದುದು ಬೆಂಚಿನ ಗೆಳೆಯನ ಸೈಕಲ್ಲಿನಲ್ಲಿ. ಅವನು ತುಳಿಯುವುದು, ನಾನು ಹಿಂದೆ ಕೂತು ಗಣಿತದ ಸೂತ್ರ ಹೇಳುವುದು. ಸೂತ್ರಗಳು ನನಗೆ ಬಾಯಿಪಾಠವಾದವು, ಅವನಿಗೆ ಏದುಸಿರು ಬಂತು. 2004ರ ಫಲಿತಾಂಶದಲ್ಲಿ ನಾನು ಪಾಸಾದೆ. ಅವನು ಇಂಗ್ಲಿಷಿನಲ್ಲೂ ಗಣಿತದಲ್ಲೂ ಫೇಲಾದ.

ಚದುರಿದ್ದು ಹೀಗೆ

ಮುಂದೆ ಯಾರು ಎಲ್ಲಿಗೆ ಹೋದರು ಎಂಬುದನ್ನು ಜಾಣತನ ಒಂದೇ ತೀರ್ಮಾನಿಸಲಿಲ್ಲ. ರಸ್ತೆ, ರೈಲು, ಬಸ್ಸು, ಮಳೆ, ಸರ್ಕಾರದ ಆದೇಶ, ಎಲ್ಲವೂ ಸೇರಿ ತೀರ್ಮಾನಿಸಿದವು.

ನನ್ನದನ್ನೇ ಮೊದಲು ಹೇಳುತ್ತೇನೆ. ಹಿರಿಯೂರಿನಲ್ಲಿ ಪಿಯುಸಿ ಮುಗಿಸಿ 2006ರಲ್ಲಿ ಸಿಇಟಿ ಬರೆದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇತ್ತು. ಆ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕಿತ್ತು. ಬೇಸಿಗೆ ರಜೆಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರು ಅಂಗಿ ಹಾಕಿಕೊಂಡು ನನ್ನ ಜೊತೆಯಲ್ಲೇ ಶಾಲೆಗೆ ಬಂದು, ಬೀಗ ತೆಗೆದು, ದಾಖಲಾತಿ ಪುಸ್ತಕ ನೋಡಿ ಸಹಿ ಮಾಡಿ ಮೊಹರು ಒತ್ತಿದರು. ನನ್ನ ಎಂಜಿನಿಯರಿಂಗ್ ಸೀಟು ಆ ಮೊಹರಿನಿಂದ ಬಂತು. 2008-09ರ ಆರ್ಥಿಕ ಹಿಂಜರಿತದಲ್ಲಿ ಕಂಪನಿಗಳು ಕಾಲೇಜಿನತ್ತ ತಲೆ ಹಾಕುವುದನ್ನೇ ಕಡಿಮೆ ಮಾಡಿದ್ದವು. 2010ರಲ್ಲಿ ಬಿ.ಇ. ಮುಗಿಸಿ ಒಂದು ವರ್ಷ ಬೆಂಗಳೂರಿನಲ್ಲಿ ನಾಲ್ವರು ಒಂದು ಕೋಣೆಯಲ್ಲಿದ್ದು ಕೆಲಸ ಹುಡುಕಿದೆ.

ಹೆದ್ದಾರಿ ನಾಲ್ಕು ಪಥವಾಗುತ್ತಿದ್ದ ಕಾಲವದು. ಬೆಂಗಳೂರು–ಪುಣೆ ರಸ್ತೆ ಹಿರಿಯೂರು, ಚಿತ್ರದುರ್ಗಗಳ ಪಕ್ಕದಲ್ಲಿ ಅಗಲವಾದಾಗ ನಮ್ಮ ಬ್ಯಾಚಿನ ಒಬ್ಬ ಅಲ್ಲೊಂದು ಪಂಕ್ಚರ್ ಅಂಗಡಿ ಇಟ್ಟ. ಈಗ ಅದೇ ಜಾಗದಲ್ಲಿ ಟೈರ್ ಅಂಗಡಿ ಇದೆ, ಆರು ಜನ ಕೆಲಸಕ್ಕಿದ್ದಾರೆ. ಐಟಿಐ ಮಾಡಿದ ಇನ್ನೊಬ್ಬ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ತಂತ್ರಜ್ಞನಾದ. ಶಾಲೆಯ ಬೇವಿನ ಮರ ಹತ್ತಲು ಹೆದರುತ್ತಿದ್ದವನು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕಂಬದೊಳಗಿನ ಏಣಿ ಹತ್ತಿ ತುದಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಾನೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಒಬ್ಬ ರೈಲ್ವೆ ಹಳಿ ಕಾಯುತ್ತಾನೆ. ಹುಬ್ಬಳ್ಳಿ ಕಡೆಯ ದಾರಿಗೆ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಹಳಿ ಕೂಡುವ ಜಾಗ ಅದು. ಇನ್ನೊಬ್ಬ ಸೇನೆಗೆ ಸೇರಿ ಲಡಾಖ್ ನೋಡಿ ಬಂದ. ಅಲ್ಲಿನ ಚಳಿಗಿಂತ ನಮ್ಮ ಪಿಟಿ ಮೇಷ್ಟ್ರ ಬೆಳಗಿನ ಓಟವೇ ಕಷ್ಟವಿತ್ತು ಎನ್ನುತ್ತಾನೆ. ಹೊಸದುರ್ಗದ ಕಡೆಯ ಇಬ್ಬರು ದಾಳಿಂಬೆ ಹಾಕಿದರು. ಎರಡು ಬೆಳೆ ಕಾಸು ಕಂಡರು, ಮೂರನೆಯದನ್ನು ದುಂಡಾಣು ಅಂಗಮಾರಿ ತಿಂದಿತು, ಗಿಡ ಕಿತ್ತು ಮತ್ತೆ ತೆಂಗಿಗೆ ಮರಳಿದರು.

ನಮ್ಮ ತರಗತಿಗೆ ಮೊದಲಿಗಳು ಒಬ್ಬ ಹುಡುಗಿ. ನಾನು ಎಂದೂ ಅವಳನ್ನು ದಾಟಿರಲಿಲ್ಲ. ಕಾಲೇಜಿಗೆ ಹೋಗಲು ದಿನಕ್ಕೆ ಎರಡೇ ಬಸ್ಸು, ಸಂಜೆಯ ಬಸ್ಸು ಬರುವುದು ಕತ್ತಲಾದ ಮೇಲೆ. ಮನೆಯವರು ಬೇಡವೆಂದರು. ಕೆಲವು ವರ್ಷದಲ್ಲಿ ಮದುವೆಯಾಯಿತು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ನಮ್ಮ ಕಡೆಗೂ ಬಂದಾಗ ಹತ್ತನೇ ತರಗತಿಯ ಅಂಕಪಟ್ಟಿ ಹಿಡಿದು ಹೋಗಿ ಆಶಾ ಕಾರ್ಯಕರ್ತೆಯಾದಳು.

ಮತ್ತೆ ಸೇರಿದ್ದು

ಹದಿನಾರು ವರ್ಷ ನಾವು ಒಬ್ಬರನ್ನೊಬ್ಬರು ಮರೆತೇ ಇದ್ದೆವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಲ್ಲಿದ್ದವರೆಲ್ಲ ಊರು ಸೇರಿದೆವು. ಲ್ಯಾಪ್‌ಟಾಪ್ ಹಿಡಿದು ಸಿಗ್ನಲ್ ಸಿಗುವ ಮಾಳಿಗೆ ಹುಡುಕುತ್ತಿದ್ದ ನನ್ನ ಮನೆಗೆ ಜ್ವರ ನೋಡಲು ಬಂದ ಆಶಾ ಕಾರ್ಯಕರ್ತೆ ಮಾಸ್ಕ್ ಹಾಕಿದ್ದಳು. 'ಕೈ ತೊಳ್ಕೊಂಡು ಒಳಗೇ ಇರು, ಲೀಡರ್' ಎಂದಾಗ ಗುರುತು ಸಿಕ್ಕಿತು. ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. ಅಂದು ಸಂಜೆ ಅವಳೇ ವಾಟ್ಸ್ಆ್ಯಪ್ ಗುಂಪು ಮಾಡಿದಳು.

ಎಲ್ಲರೂ ಮುಖಾಮುಖಿ ಸೇರಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳ ಆರಂಭದಲ್ಲಿ, 89 ವರ್ಷದ ನಂತರ, ವಾಣಿವಿಲಾಸ ಸಾಗರ ಕೋಡಿ ಬಿತ್ತು. ಜಿಲ್ಲೆಯ ಜನವೆಲ್ಲ ಜಾತ್ರೆಗೆ ಹೋದಂತೆ ಹೋದರು. ನಾವೂ ಹೋದೆವು. ಹೆಂಡತಿ, ಗಂಡ, ಮಕ್ಕಳನ್ನೂ ಕರೆತಂದಿದ್ದರು. ತಲೆ ಬೋಳಾದವರು, ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆ ಬಂದವರು ಹುಡುಗರ ಹಾಗೆ ಕೂಗಾಡಿದರು. ಸಂಬಳ ಎಷ್ಟು, ಮನೆ ಕಟ್ಟಿಸಿದೆಯಾ, ಮಕ್ಕಳು ಯಾವ ಸ್ಕೂಲು ಎಂಬ ಮಾತು ಮುಗಿದ ಮೇಲೆ ನಿಜವಾದ ಮಾತು ಶುರುವಾಯಿತು.

ಹೊಸದುರ್ಗ ಕಡೆಯ ಗೆಳೆಯ ಸುಮ್ಮನೆ ನಿಂತಿದ್ದ. ಯಾಕೆಂದು ಕೇಳಿದರೆ, 'ನಿಮಗೆ ಹಬ್ಬ, ನಮಗೆ ಮುಳುಗಡೆ. ನನ್ನ ತೆಂಗಿನ ತೋಟದಾಗೆ ಸೊಂಟದ ಮಟ್ಟ ನೀರು ನಿಂತೈತೆ' ಎಂದ. ದಾಳಿಂಬೆ ಕಿತ್ತು ಹಾಕಿದ್ದ ತೆಂಗು ಅದು. ಒಂದು ಕಾಲದಲ್ಲಿ ನೀರಿಲ್ಲದೆ ಒಟ್ಟಿಗೆ ಹಸಿದವರು ನಾವು. ಈಗ ಅದೇ ನೀರು ಒಬ್ಬನಿಗೆ ಸಂತೋಷ, ಇನ್ನೊಬ್ಬನಿಗೆ ನಷ್ಟ. ಯಾರ ಬಳಿಯೂ ಉತ್ತರವಿರಲಿಲ್ಲ.

ಆಗ ಮಾತಾಡಿದವನು ನನ್ನ ಸೈಕಲ್ ಗೆಳೆಯ. ಅವನು ಬೆಂಗಳೂರಿನಲ್ಲಿ ಲಾರಿ ಕ್ಲೀನರ್ ಆಗಿ, ಜೆಸಿಬಿ ಓಡಿಸಲು ಕಲಿತು, ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸಕ್ಕೆ ತರೀಕೆರೆ, ಅಜ್ಜಂಪುರದ ಕಡೆ ವರ್ಷಗಟ್ಟಲೆ ದುಡಿದಿದ್ದ. ಆ ವರ್ಷದ ಮಳೆ ದೊಡ್ಡದು, ನಿಜ. ಆದರೆ ಭದ್ರೆಯಿಂದ ಮೇಲೆತ್ತಿದ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಸೇರಿ ಈ ಜಲಾಶಯಕ್ಕೆ ಬರಲು ಶುರುವಾಗಿತ್ತು. 'ಈ ನೀರಿನಾಗೆ ನಮ್ದೂ ನಾಕು ಬಕೆಟ್ ಮಣ್ಣು ಐತೆ ಕಣಲೇ' ಎಂದ. ಆಮೇಲೆ ತೋಟದ ಗೆಳೆಯನತ್ತ ತಿರುಗಿ, 'ಭಾನುವಾರ ಬರ್ತೀನಿ, ಮೋಟ್ರು ಪೈಪಾದ್ರೂ ಎತ್ಕೊಳ್ಳೋಣ' ಎಂದ. ಆ ಭಾನುವಾರ ಎಂಟು ಜನ ಹೋದೆವು. ಮೋಟಾರು ಎತ್ತಿದೆವು. ಮರಗಳನ್ನು ಉಳಿಸಲಾಗಲಿಲ್ಲ.

ಅವನೂ ನಾನೂ ಹಲವು ವರ್ಷ ಒಂದೇ ಬೆಂಗಳೂರಿನಲ್ಲಿದ್ದೆವು. ಅವನ ನಂಬರ್ ಕೇಳಿದ್ದರೆ ಅವನ ಅಣ್ಣನಿಂದ ಸಿಗುತ್ತಿತ್ತು. ನಾನು ಕೇಳಲಿಲ್ಲ. ಫೇಲಾದವನನ್ನು ಕಂಡರೆ ಏನು ಮಾತಾಡುವುದು ಎಂದು ಸಂಕೋಚಪಟ್ಟೆ. ಸಂಕೋಚ ಎನ್ನುವುದು ಮರ್ಯಾದೆಯ ಮಾತು, ನಿಜ ಹೇಳಬೇಕೆಂದರೆ ಅದು ಗರ್ವ.

ಫೋಟೋದಲ್ಲಿ ಇಲ್ಲದವರು

ಮರುವರ್ಷ ಶಾಲೆಯಲ್ಲಿ ಗುರುವಂದನೆ ಮಾಡಲು ನಿರ್ಧರಿಸಿದೆವು. ಹೆಸರುಗಳ ಪಟ್ಟಿ ಮಾಡುವ ಕೆಲಸ ಸಹಜವಾಗಿ ಸಾಫ್ಟ್‌ವೇರ್‌ನವನ ಪಾಲಿಗೆ ಬಂತು. ಹತ್ತನೇ ತರಗತಿಯ ಗ್ರೂಪ್ ಫೋಟೋ ಇಟ್ಟುಕೊಂಡು 44 ಹೆಸರು ಬರೆದೆ. ಅದನ್ನು ನೋಡಿದ ಆಶಾ ಗೆಳತಿ, 'ಎಂಟನೇ ಕ್ಲಾಸಲ್ಲಿ ನಮ್ಮ ಬೆಂಚಲ್ಲಿ ಐದು ಜನ ಇದ್ವಿ, ಇಲ್ಲಿ ಮೂರೇ ಇದಾರಲ್ಲೋ' ಎಂದಳು. ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆಸಿದೆವು. 2001ರ ಜೂನ್‌ನಲ್ಲಿ ನಾವು 61 ಮಂದಿ. ಉಳಿದ 17 ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರು, ಆಮೇಲೆ ಒಂದು ಕೆಂಪು ಗೀಟು.

ಆ ಗೀಟಿನ ಹಿಂದೆ ಬರವಿತ್ತು. ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ತಂದೆ ತಾಯಿಯರ ಜೊತೆ ಹೋದವರು, ಕಾಫಿ ತೋಟಕ್ಕೆ ಹೋದವರು, ಕುರಿ ಹಿಂದೆ ಹೋದವರು. ಹುಡುಕಿದಾಗ 11 ಮಂದಿ ಸಿಕ್ಕಿದರು. ಕರೆದಾಗ ಕೆಲವರು, 'ನಾವು ಆ ಬ್ಯಾಚಿನವರಲ್ಲ, ಪಾಸಾಗಿಲ್ಲ' ಎಂದರು. ಒಬ್ಬಾತ ಮಾತ್ರ ಬಂದು ಹಿಂದಿನ ಸಾಲಿನಲ್ಲಿ ಕೂತ. ಹಾಜರಿ ಪುಸ್ತಕ ಹಿಡಿದು ಮೇಡಂ 61 ಹೆಸರನ್ನೂ ಕೂಗಿದರು. ಅವನ ಹೆಸರು ಬಂದಾಗ ಎದ್ದು ನಿಂತು 'ಹಾಜರ್ ಮೇಡಂ' ಎಂದ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನ ಹೆಸರು ಕೂಗಿದರು.

ಶಾಲೆಯ ಚರಿತ್ರೆ ಬರೆಯುವಾಗ ನಾವು ಸಾಧಕರ ಪಟ್ಟಿ ಮಾಡುತ್ತೇವೆ, ಮಾಡಬೇಕು. ಆದರೆ ಬರದ ವರ್ಷದಲ್ಲಿ ಶಾಲೆ ಬಿಟ್ಟವರನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ. ನನ್ನ ಬಿನ್ನಹ ಇಷ್ಟೇ. ಪ್ರತಿಯೊಂದು ಬ್ಯಾಚಿನವರೂ ನಿಮ್ಮ ಎಂಟನೇ ತರಗತಿಯ ಹಾಜರಿ ಪುಸ್ತಕದಿಂದ ಹೆಸರು ಬರೆದುಕೊಳ್ಳಿ, ಫೋಟೋದಿಂದ ಬೇಡ. ಕೆಂಪು ಗೀಟು ಬಿದ್ದವರ ಮನೆಗೆ ಮೊದಲು ಹೋಗಿ. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ನನ್ನದು.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಆಶಾ ಗೆಳತಿಯ ಮಗಳು ಈಗ ಇದೇ ಶಾಲೆಯ ಹತ್ತನೇ ತರಗತಿಯಲ್ಲಿದ್ದಾಳೆ, ಮಧ್ಯಾಹ್ನ ಶಾಲೆಯಲ್ಲೇ ಊಟ ಮಾಡುತ್ತಾಳೆ. ಮುಂದೆ ಕಾಲೇಜಿಗೆ ಹೋಗುವುದು ಖಚಿತ ಎಂದು ಅವಳ ತಾಯಿ ಹೇಳಿದ್ದಾಳೆ. ಬಸ್ಸಿನ ಸಮಯ ಬದಲಿಸಲು ಡಿಪೋಗೆ ಅರ್ಜಿ ಕೊಟ್ಟವರಲ್ಲಿ ಮೊದಲ ಸಹಿಯೂ ಅವಳದೇ, ಎರಡನೆಯದು ನನ್ನದು. ಅಲ್ಲಿಯೂ ನಾನು ಅವಳನ್ನು ದಾಟಲಾಗಲಿಲ್ಲ.

ನಮಗೆ ಅಕ್ಷರದ ಜೊತೆಗೆ ಮುದ್ದೆಯನ್ನೂ ಕೊಟ್ಟ ಗುರುಗಳಿಗೆ ನಮ್ಮ 61 ಜನರ ಪರವಾಗಿ ನಮಸ್ಕಾರಗಳು.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್ (2004ರ ಎಸ್ಸೆಸ್ಸೆಲ್ಸಿ ಬ್ಯಾಚು)