ಮಲಿಕ್-ಎ-ಮೈದಾನ್ ತೋಪಿನ ತೂಕ ಮತ್ತು ಅಲ್-ಬಿರೂನಿಯ ಪಾತ್ರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಿಂದ ವಿಜಯಪುರಕ್ಕೆ ಪ್ರವಾಸ ಹೋಗುವ ಮಕ್ಕಳು ಗೋಲಗುಮ್ಮಟ ನೋಡಿದ ಮೇಲೆ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೂ ನೋಡಿ ಬರುತ್ತಾರೆ. ಆನೆಯನ್ನು ನುಂಗುತ್ತಿರುವ ಸಿಂಹದಂತಿರುವ ಅದರ ಬಾಯಿಯನ್ನು ಕಂಡು ಬೆರಗಾಗುತ್ತಾರೆ. 'ತೂಕ 55 ಟನ್' ಎಂದು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಆದರೆ ಆ ಮಾತು ನಿಜವೇ, ತಕ್ಕಡಿಯಿಲ್ಲದೆ ಅದನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳುವವರು ಕಡಿಮೆ. ಉತ್ತರ ನಮ್ಮ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ.

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಸೂತ್ರ ಬಾಯಿಪಾಠ ಮಾಡದ ರೈತನಿಗೂ ಇದರ ಅರ್ಥ ಗೊತ್ತು. ಒಂದು ಸೇರು ಗಟ್ಟಿ ಜೋಳ, ಒಂದು ಸೇರು ಜಳ್ಳು ಕೈಗೆ ಕೊಟ್ಟು ನೋಡಿ. ಸೇರು ಒಂದೇ, ತೂಕ ಬೇರೆ. ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವುದೇ ಸಾಂದ್ರತೆ.

ಆದರೆ ವಸ್ತು ಅಂಕುಡೊಂಕಾಗಿದ್ದರೆ ಅದರ ಗಾತ್ರ ತಿಳಿಯುವುದು ಹೇಗೆ? ವಸ್ತು ನೀರಿನಲ್ಲಿ ಮುಳುಗಿದಾಗ ತನ್ನ ಗಾತ್ರದಷ್ಟೇ ನೀರನ್ನು ಸರಿಸುತ್ತದೆ ಎಂಬುದನ್ನು ಗ್ರೀಕ್ ವಿಜ್ಞಾನಿ ಆರ್ಕಿಮಿಡೀಸ್ ಕ್ರಿಸ್ತಪೂರ್ವದಲ್ಲಿಯೇ ಕಂಡುಕೊಂಡಿದ್ದನು. ಇದನ್ನು ಲೋಹಗಳಿಗೂ ರತ್ನಗಳಿಗೂ ಒಂದೊಂದಾಗಿ ಅನ್ವಯಿಸಿ ನಿಖರವಾದ ಅಂಕಿಗಳನ್ನು ಕೊಟ್ಟವರಲ್ಲಿ ಅಗ್ರಗಣ್ಯರು ಅಲ್-ಬಿರೂನಿ. 973ರಲ್ಲಿ ಖ್ವಾರಿಝ್ಮ್ ಪ್ರಾಂತದಲ್ಲಿ ಹುಟ್ಟಿದ ಇವರು ಸಂಸ್ಕೃತ ಕಲಿತು ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದವರು. ಇವರು ಶಂಕುವಿನಾಕಾರದ ಒಂದು ಪಾತ್ರೆ ಮಾಡಿಸಿದರು. ಅದರ ಪಕ್ಕದಲ್ಲಿ ಒಂದು ಸಣ್ಣ ನಳಿಗೆ. ಪಾತ್ರೆಯಲ್ಲಿ ನಳಿಗೆಯ ಮಟ್ಟದವರೆಗೆ ನೀರು ತುಂಬಿಸಿ, ಮೊದಲೇ ತೂಗಿಟ್ಟ ಲೋಹವನ್ನು ಒಳಗೆ ಬಿಟ್ಟು, ಹೊರಗೆ ಹರಿದ ನೀರನ್ನು ತೂಗುತ್ತಿದ್ದರು. ಲೋಹದ ತೂಕವನ್ನು ಆ ನೀರಿನ ತೂಕದಿಂದ ಭಾಗಿಸಿದರೆ ಮುಗಿಯಿತು.

1121ರಲ್ಲಿ ಅಲ್-ಖಾಝಿನಿ ಬರೆದ 'ಮೀಝಾನ್ ಅಲ್-ಹಿಕ್ಮಾ', ಅಂದರೆ 'ವಿವೇಕದ ತಕ್ಕಡಿ' ಎಂಬ ಗ್ರಂಥದಲ್ಲಿ ಈ ಅಂಕಿಗಳು ಉಳಿದುಬಂದಿವೆ. ಅದರಂತೆ 100 ಮಿಸ್ಕಾಲ್ ಬಂಗಾರ ಹೊರಹಾಕುವ ನೀರು ಐದೂಕಾಲು ಮಿಸ್ಕಾಲ್. ಭಾಗಿಸಿದರೆ 19.05. ಇಂದಿನ ಪ್ರಯೋಗಾಲಯದ ಅಂಕಿ 19.3. ಪಾದರಸಕ್ಕೆ ಅವರ ಲೆಕ್ಕ 13.56, ಇಂದಿನದು ಸುಮಾರು 13.6. ಸಾವಿರ ವರ್ಷಗಳ ಹಿಂದೆ, ಒಂದು ಪಾತ್ರೆ ಮತ್ತು ಒಂದು ತಕ್ಕಡಿಯಿಂದ ಸಾಧಿಸಿದ ನಿಖರತೆ ಇದು! ಅಕ್ಬರನ ಆಸ್ಥಾನದ ಅಬುಲ್ ಫಝಲ್ ಕೂಡ 'ಐನ್-ಎ-ಅಕ್ಬರಿ'ಯಲ್ಲಿ ಲೋಹಗಳ ಇಂತಹ ಕೋಷ್ಟಕವನ್ನು ಸೇರಿಸಿದ್ದಾನೆ.

ಈಗ ನಮ್ಮ ತೋಪಿಗೆ ಬರೋಣ. ಇದನ್ನು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ಕುಶಲಕರ್ಮಿ ಎರಕ ಹೊಯ್ದನು. ಮುಂದೆ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಪರಾಂಡಾ ಕೋಟೆಯಿಂದ ಅದು ಬಿಜಾಪುರಕ್ಕೆ ಬಂದಿತು. ತಾಮ್ರ ಸುಮಾರು ನಾಲ್ಕು ಪಾಲು, ತವರ ಒಂದು ಪಾಲು ಬೆರೆತ ಕಂಚು ಅದರ ಲೋಹ. ಉದ್ದ ಸುಮಾರು 4.45 ಮೀಟರ್, ಹೊರವ್ಯಾಸ 1.5 ಮೀಟರ್, ಒಳವ್ಯಾಸ 0.7 ಮೀಟರ್.

ವಿದ್ಯಾರ್ಥಿಗಳು ಹಾಳೆ ಪೆನ್ನು ತೆಗೆದುಕೊಳ್ಳಲಿ. ತೋಪನ್ನು ಒಂದು ಸಿಲಿಂಡರ್ ಎಂದು ಭಾವಿಸಿದರೆ ಅದರ ಗಾತ್ರ ಸುಮಾರು 7.86 ಘನಮೀಟರ್. ಒಳಗಿನ ಟೊಳ್ಳು ಸುಮಾರು 1.71 ಘನಮೀಟರ್. ಕಳೆದರೆ ಉಳಿಯುವ ಲೋಹ 6.15 ಘನಮೀಟರ್. ಒಂದು ಘನಮೀಟರ್ ನೀರಿನ ತೂಕ ಒಂದು ಟನ್. ಇಂತಹ ಕಂಚು ನೀರಿಗಿಂತ ಸುಮಾರು 8.7 ಪಟ್ಟು ಭಾರ. ಗುಣಿಸಿದರೆ 53.5 ಟನ್! ಹಾಗಾದರೆ 55 ಟನ್ ಎಂಬುದು ಬರೀ ಬಾಯಿಮಾತಲ್ಲ. ಯಾರಾದರೂ 'ನೂರು ಟನ್' ಎಂದರೆ? 100ನ್ನು 6.15ರಿಂದ ಭಾಗಿಸಿದರೆ ಸಾಂದ್ರತೆ 16ನ್ನು ಮೀರುತ್ತದೆ. ಅದು ಸೀಸಕ್ಕಿಂತಲೂ ಪಾದರಸಕ್ಕಿಂತಲೂ ಹೆಚ್ಚು. ಕಂಚಿಗೆ ಅದು ಸಾಧ್ಯವೇ ಇಲ್ಲ.

ಈ ಲೆಕ್ಕಕ್ಕೆ ಒಂದು ಮಿತಿಯೂ ಇದೆ. ತೋಪು ಸರಿಯಾದ ಸಿಲಿಂಡರ್ ಅಲ್ಲ. ಒಳಗೆ ಮದ್ದು ತುಂಬುವ ಭಾಗ ಕಿರಿದು, ಹೊರಗೆ ಕೆತ್ತನೆಯ ಏರಿಳಿತ. ಆದ್ದರಿಂದ ಇದು ಅಂದಾಜು ಮಾತ್ರ. ಇದರಿಂದ ತೋಪು ಹೆಚ್ಚುಕಡಿಮೆ ಎಷ್ಟು ಭಾರ ಎನ್ನಬಹುದೇ ಹೊರತು, ಅದು ಕಂಚೋ ಹಿತ್ತಾಳೆಯೋ ಎಂದು ತೀರ್ಮಾನಿಸಲಾಗದು. ಅಂಕುಡೊಂಕಿನ ಗಾತ್ರವನ್ನು ಕಣ್ಣಳತೆಗೆ ಬಿಡದೆ ನೀರಿನಿಂದಲೇ ಅಳೆದ ಬಿರೂನಿಯವರ ದೊಡ್ಡಸ್ತಿಕೆ ಇಲ್ಲಿ ನಮಗೆ ಅರ್ಥವಾಗುತ್ತದೆ.

ಬೆಲೆ ಅರಿಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಇದೇ ತೋಪು ಸಾಕ್ಷಿ. 1854ರಲ್ಲಿ ಬ್ರಿಟಿಷ್ ಆಡಳಿತ ಇದನ್ನು ಕೆಲಸಕ್ಕೆ ಬಾರದ ವಸ್ತುವೆಂದು ಹರಾಜಿಗೆ ಹಾಕಿದಾಗ ಬಂದ ಬೆಲೆ ಕೇವಲ 150 ರೂಪಾಯಿ. ಅಂದರೆ ಟನ್ನಿಗೆ ಮೂರು ರೂಪಾಯಿಗೂ ಕಡಿಮೆ! ಕೊನೆಗೆ ಆ ಹರಾಜು ರದ್ದಾಯಿತು. ಇಲ್ಲದಿದ್ದರೆ ಇಂದು ಶೇರ್ಜಾ ಬುರುಜು ಬರಿದಾಗಿರುತ್ತಿತ್ತು.

ನಮ್ಮ ಮಕ್ಕಳು ಸಾಂದ್ರತೆಯ ಸೂತ್ರವನ್ನು ಪರೀಕ್ಷೆಗಾಗಿ ಬರೆದು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇದು ವಿಷಾದದ ಸಂಗತಿ. ಕೇಳಿದ್ದನ್ನೆಲ್ಲ ನಂಬದೆ, ಸುಮ್ಮನೆ ಅಲ್ಲಗಳೆಯಲೂ ಹೋಗದೆ ಅಳೆದು ನೋಡುವುದೇ ವಿದ್ಯೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮನೆಯಲ್ಲಿ ಒಂದು ತಂಬಿಗೆ ತುಂಬ ನೀರು, ಒಂದು ಕಲ್ಲು, ಕೆಳಗೆ ಒಂದು ತಟ್ಟೆ, ಕಿರಾಣಿ ಅಂಗಡಿಯ ತಕ್ಕಡಿ ಇದ್ದರೆ ಸಾಕು. ಕಲ್ಲನ್ನು ತೂಗಿ, ಮೆಲ್ಲಗೆ ನೀರಿಗಿಳಿಸಿ, ಚೆಲ್ಲಿದ ನೀರನ್ನು ತೂಗಿ ಭಾಗಿಸಿ ನೋಡಿ. ಮುಂದಿನ ಪ್ರವಾಸದಲ್ಲಿ ತೋಪಿನ ಮುಂದೆ ನಿಂತಾಗ '55 ಟನ್' ಎಂದು ಬರೆದುಕೊಳ್ಳುವ ಮೊದಲು ನೀವೇ ಲೆಕ್ಕ ಹಾಕುತ್ತೀರಿ.