ರಾತ್ರಿಯ ಬ್ರೇಸ್ ಬರಿಯ ರಿಯಾಯಿತಿಯಲ್ಲ

ಹದಿಹರೆಯದಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್‌ಗೆ ರಾತ್ರಿ ಮಾತ್ರ ಬ್ರೇಸ್ ತೊಡಿಸುವ ಪದ್ಧತಿಯನ್ನು, ಮಾತು ಕೇಳದ ಮಕ್ಕಳಿಗೆ ಕೊಟ್ಟ ರಿಯಾಯಿತಿ ಎಂದು ತಳ್ಳಿಹಾಕುವವರಿದ್ದಾರೆ. ಅದರ ಚರಿತ್ರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ವಾಲ್ಟರ್ ಬ್ಲೌಂಟ್ ಮತ್ತು ಆಲ್ಬರ್ಟ್ ಶ್ಮಿಟ್ ರೂಪಿಸಿದ ಬ್ರೇಸ್ ಸೊಂಟಕ್ಕೆ ಬಿಗಿಯುವ ಕವಚದಿಂದ ಶುರುವಾಗುತ್ತಿತ್ತು. ಅಲ್ಲಿಂದ ಎದೆಯ ಮುಂದೆ ಒಂದು, ಬೆನ್ನ ಹಿಂದೆ ಎರಡು ಲೋಹದ ಪಟ್ಟಿಗಳು ಮೇಲೇರಿ ಕುತ್ತಿಗೆ ಸುತ್ತಿದ ಬಳೆಯನ್ನು ಸೇರುತ್ತಿದ್ದವು. ದಿನಕ್ಕೆ 23 ಗಂಟೆ ಅದು ಮೈಮೇಲಿರಬೇಕು. ಕಾಲರಿನ ಮೇಲೆ ಎದ್ದು ಕಾಣುವ ಆ ಬಳೆಯೊಂದಿಗೇ ಹದಿಮೂರರ ಹುಡುಗಿ ಶಾಲೆಗೂ ಹೋಗಬೇಕು. 1970ರ ದಶಕದ ಆರಂಭದಲ್ಲಿ ಬಂದ ಪ್ಲಾಸ್ಟಿಕ್‌ನ ಬಾಸ್ಟನ್ ಬ್ರೇಸ್ ಬಟ್ಟೆಯೊಳಗೆ ಅಡಗುತ್ತಿತ್ತಾದರೂ ಹಗಲಿನ ಸೆರೆ ತಪ್ಪಲಿಲ್ಲ.

ಅದೇ ದಶಕದ ಕೊನೆಯ ಹೊತ್ತಿಗೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ವೈದ್ಯ ಫ್ರೆಡರಿಕ್ ರೀಡ್ ಮತ್ತು ಬ್ರೇಸ್ ತಯಾರಕ ರಾಲ್ಫ್ ಹೂಪರ್ ಬೇರೆಯೇ ದಾರಿ ಹಿಡಿದರು. ಮಲಗಿದಾಗ ಬೆನ್ನಿನ ಮೇಲೆ ದೇಹದ ಭಾರ ಬೀಳುವುದಿಲ್ಲ. ಆಗ ಡೊಂಕನ್ನು ನೆಟ್ಟಗೆ ಮಾಡುವುದಷ್ಟೇ ಅಲ್ಲ, ಎದುರು ದಿಕ್ಕಿಗೂ ಬಾಗಿಸಬಹುದು. ಅವರ ಬ್ರೇಸ್ ಮೈಯನ್ನು ಎಷ್ಟು ವಾಲಿಸುತ್ತಿತ್ತೆಂದರೆ ಅದನ್ನು ತೊಟ್ಟು ಓಡಾಡುವುದೇ ಕಷ್ಟ. ಅಂದರೆ ಇದು ಹಗಲಿನ ಬ್ರೇಸಿನಿಂದ ಗಂಟೆಗಳನ್ನು ಕಳೆದು ಮಾಡಿದ್ದಲ್ಲ, ಬೇರೆ ತತ್ವದ ಮೇಲೆ ನಿಂತ ಚಿಕಿತ್ಸೆ. ನನ್ನ ವಾದದ ತಿರುಳು ಇದೇ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. 1997ರ ಒಂದು ಹೋಲಿಕೆಯಲ್ಲಿ ಬಾಸ್ಟನ್ ಬ್ರೇಸ್ ಚಾರ್ಲ್ಸ್‌ಟನ್‌ಗಿಂತ ಮೇಲೆನಿಸಿತು. 36ರಿಂದ 45 ಡಿಗ್ರಿಯ ಡೊಂಕುಗಳಲ್ಲಿ ಅಂತರ ಎದ್ದು ಕಂಡಿತು. ಇದನ್ನು ಒಪ್ಪಲೇಬೇಕು: ದೊಡ್ಡ ಡೊಂಕಿಗೆ ರಾತ್ರಿಯ ಬ್ರೇಸನ್ನೇ ನಂಬಿ ಕೂರುವುದು ಸರಿಯಲ್ಲ. ಎರಡನೆಯ ಆಕ್ಷೇಪ 2013ರ ಅಮೆರಿಕ–ಕೆನಡಾ ಅಧ್ಯಯನದಿಂದ ಬಂತು. ಬ್ರೇಸಿನೊಳಗಿಟ್ಟ ಉಷ್ಣತೆಯ ಸೆನ್ಸರ್ ಲೆಕ್ಕದಂತೆ ದಿನಕ್ಕೆ ಸರಾಸರಿ 13 ಗಂಟೆಯಷ್ಟಾದರೂ ತೊಟ್ಟವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಫಲ ಸಿಕ್ಕಿತು. ಹಾಗಾದರೆ ಒಂದು ರಾತ್ರಿಯ ನಿದ್ದೆ ಸಾಲುತ್ತದೆಯೇ? ಆ ಅಳತೆ ನಿಂತು ನಡೆಯುವಾಗಲೂ ತೊಡುವ ಬ್ರೇಸಿನದು. ಮಲಗಿದ ಮೈಯನ್ನು ಅತಿಯಾಗಿ ತಿದ್ದುವ ಬ್ರೇಸಿಗೆ ಅದನ್ನೇ ಹಚ್ಚಲಾಗದು. ಸ್ವೀಡನ್ನಿನ ಪ್ರಯೋಗವೊಂದು 2024ರಲ್ಲಿ ಇದಕ್ಕೆ ನೇರ ಪುರಾವೆ ಕೊಟ್ಟಿತು. 25ರಿಂದ 40 ಡಿಗ್ರಿ ಡೊಂಕಿದ್ದ 135 ಮಕ್ಕಳಲ್ಲಿ ರಾತ್ರಿ ಬ್ರೇಸ್ ತೊಟ್ಟ ಗುಂಪಿನ ಸುಮಾರು ಶೇ 76ರಷ್ಟು ಮಂದಿಯ ಡೊಂಕು ಆರು ಡಿಗ್ರಿಗಿಂತ ಹೆಚ್ಚು ಬೆಳೆಯಲಿಲ್ಲ. ಬರಿಯ ದೈಹಿಕ ಚಟುವಟಿಕೆಯ ಗುಂಪಿನಲ್ಲಿ ಇದು ಶೇ 53ರ ಆಸುಪಾಸು.

ಮಗುವಿನ ಡೊಂಕು ಮಧ್ಯಮ ಮಟ್ಟದ್ದಾಗಿ, ಬೆಳವಣಿಗೆ ಇನ್ನೂ ಬಾಕಿಯಿದ್ದರೆ, ಹಗಲಿನ ಬ್ರೇಸಿಗೆ ತಲೆಯಾಡಿಸುವ ಮೊದಲು ತಂದೆತಾಯಿ ರಾತ್ರಿಯ ಬ್ರೇಸ್ ಸಾಕಾದೀತೇ ಎಂದು ವೈದ್ಯರನ್ನು ಕೇಳಲಿ.