ಅಜ್ಜನ ಗೇಜು, ಮೊಮ್ಮಗನ ಗೇಜು



ಕಾರಹುಣ್ಣಿಮೆಯ ಬೆನ್ನಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ನಿಮಗೆ ಹೊಸದಲ್ಲ. ಅಜ್ಜಿ ಎರೆಮಣ್ಣು ಕಲಸಿ ಎತ್ತಿನ ಮೈ ತಿದ್ದುತ್ತಾಳೆ, ಮೊಮ್ಮಗ ಕೋಡು ಅಂಟಿಸುತ್ತಾನೆ. ದೊಡ್ಡದನ್ನು ಚಿಕ್ಕದು ಮಾಡಿ ಮನೆಯ ಜಗಲಿಯ ಮೇಲೆ ನಿಲ್ಲಿಸುವ ಈ ಆಸೆಗೆ ಇನ್ನೊಂದು ರೂಪವಿದೆ. ಅದು ಮಾದರಿ ರೈಲು. ಆಟಿಕೆ ರೈಲನ್ನು ಕಣ್ಣಳತೆಯಲ್ಲೇ ಮಾಡಬಹುದು. ಮಾದರಿ ರೈಲಿನಲ್ಲಿ ಎಂಜಿನ್, ಡಬ್ಬಿ, ಹಳಿ, ನಿಲ್ದಾಣ ಎಲ್ಲವೂ ಒಂದೇ ಲೆಕ್ಕದಲ್ಲಿ ಕುಗ್ಗಬೇಕು. ಈ ಲೆಕ್ಕವನ್ನು ತಿಳಿಯಲು ನಮ್ಮ ಸೀಮೆಯ ನಿಜವಾದ ರೈಲಿನಿಂದಲೇ ಹೊರಡೋಣ.

ಕರದಂಟಿಗೂ ಕುರಿ ಸಂತೆಗೂ ಹೆಸರಾದ ಅಮೀನಗಡಕ್ಕೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಬಾಗಲಕೋಟೆಗೋ ಬಾದಾಮಿಗೋ ಹೋಗಬೇಕು. ಆ ಎರಡೂ ನಿಲ್ದಾಣಗಳಿರುವ ಹೋಟಗಿ–ಗದಗ ಮಾರ್ಗ ಹುಟ್ಟಿದ್ದು ಬರಗಾಲದಿಂದ. 1876–78ರ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ತತ್ತರಿಸಿತು. ಹೊರಗಿನಿಂದ ಧಾನ್ಯ ತರಲು ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರಾರು? ಬರ ಕಳೆದ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1884ರಲ್ಲಿ ಹೋಟಗಿ–ಗದಗ ಮಾರ್ಗ ಸಂಚಾರಕ್ಕೆ ತೆರೆಯಿತು. ಇಂಥವನ್ನು ಆಗ ‘ಬರದ ಮಾರ್ಗ’ಗಳೆಂದೇ ಕರೆಯುತ್ತಿದ್ದರು.

ಖರ್ಚು ಉಳಿಸಲು ಇದನ್ನು ಮೀಟರ್ ಗೇಜಿನಲ್ಲಿ ಹಾಕಿದರು. ಎಂದರೆ ಎರಡು ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಆದರೆ ಹೋಟಗಿಯಲ್ಲಿ ಎದುರಾಗುತ್ತಿದ್ದ ಮುಂಬಯಿ–ಮದ್ರಾಸ್ ಹೆದ್ದಾರಿಯಂಥ ಮಾರ್ಗ ಬ್ರಾಡ್ ಗೇಜ್, 1676 ಮಿಲಿಮೀಟರ್. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ಆದ್ದರಿಂದ ಪ್ರತಿಯೊಂದು ಮೂಟೆಯನ್ನೂ ಹಮಾಲರು ಹೊತ್ತು ಈಚಿನ ಗಾಡಿಯಿಂದ ಆಚಿನ ಗಾಡಿಗೆ ಹಾಕಬೇಕಿತ್ತು. ಉಳಿಸಿದ ಹಣಕ್ಕೆ ಬಡ್ಡಿ ತೆತ್ತವರು ಯಾರೆಂಬುದನ್ನು ನೀವೇ ಊಹಿಸಿ.

ಇದೇ ಕಾಲಕ್ಕೆ ಬಹುದೂರದ ಜರ್ಮನಿಯಲ್ಲಿ ಗೇಜಿನ ಪ್ರಶ್ನೆಯನ್ನು ಒಂದು ಆಟಿಕೆ ಕುಟುಂಬ ಎದುರಿಸುತ್ತಿತ್ತು. ಗೋಪಿಂಗೆನ್ ಊರಿನ ಥಿಯೋಡರ್ ಮಾರ್ಕ್ಲಿನ್ 1859ರಲ್ಲಿ ಬೊಂಬೆಮನೆಗೆ ಬೇಕಾದ ತಗಡಿನ ಪಾತ್ರೆಪಗಡಗಳನ್ನು ಮಾಡಲು ಆರಂಭಿಸಿದ. 1866ರಲ್ಲಿ ಅವನು ತೀರಿಕೊಂಡ. ಹೆಂಡತಿ ಕ್ಯಾರೊಲಿನ್ ಎದೆಗುಂದದೆ ಕಾರ್ಖಾನೆ ನಡೆಸಿದಳು, 1888ರಲ್ಲಿ ಮಕ್ಕಳು ಅದನ್ನು ವಹಿಸಿಕೊಂಡರು. ಆಗಿನ ಆಟಿಕೆ ರೈಲುಗಳು ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆ. 1891ರ ಲೈಪ್‌ಸಿಗ್ ಜಾತ್ರೆಯಲ್ಲಿ ಈ ಸಹೋದರರು ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತುವ ಹಳಿಯ ಮೇಲೆ ಕೀಲಿ ಕೊಟ್ಟ ರೈಲನ್ನು ಓಡಿಸಿದರು. ಜೊತೆಗೆ ಹಳಿಗಳಿಗೆ 1, 2, 3 ಎಂದು ಗೊತ್ತಾದ ಗೇಜುಗಳನ್ನು ನಿಗದಿ ಮಾಡಿದರು. ನನ್ನ ದೃಷ್ಟಿಯಲ್ಲಿ ಆ ಓಡಿದ ರೈಲಿಗಿಂತ ಈ ನಿಗದಿಯೇ ದೊಡ್ಡದು. ಅಲ್ಲಿಯವರೆಗೆ ಆಟಿಕೆ ಕೆಟ್ಟರೆ ಮುಗಿಯಿತು. ಇನ್ನು ಮುಂದೆ ಈ ವರ್ಷ ಎಂಜಿನ್, ಮುಂದಿನ ವರ್ಷ ಎರಡು ಡಬ್ಬಿ, ಆಮೇಲೆ ಒಂದು ಸೇತುವೆ ಎಂದು ಸೇರಿಸುತ್ತ ಹೋಗಬಹುದು. ಮಗ ಅಲ್ಲಿಂದ ಮುಂದುವರಿಸಬಹುದು.

1930ರ ದಶಕದಲ್ಲಿ ಮೇಜಿನ ಮೇಲೆ ಹಿಡಿಸುವ 16.5 ಮಿಲಿಮೀಟರ್ ಗೇಜು ಬಂತು. ಇಂದು ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಅಳತೆ ಇದೇ. ಇದರಲ್ಲಿ ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಯುರೋಪಿನ 1435 ಮಿಲಿಮೀಟರ್ ಹಳಿಯನ್ನು 87ರಿಂದ ಭಾಗಿಸಿ ನೋಡಿ, ಉತ್ತರ ಸಿಗುತ್ತದೆ. ತೊಂಬತ್ತು ವರ್ಷ ಕಳೆದರೂ ಆ ಅಂತರ ಕದಲಿಲ್ಲ. ಕೊಂಡಿ ಬದಲಾಗಿರಬಹುದು, ವಿದ್ಯುತ್ತಿನ ಏರ್ಪಾಡು ಬದಲಾಗಿರಬಹುದು, ಅಜ್ಜ ಕೊಂಡ ಡಬ್ಬಿಯ ಗಾಲಿ ಮೊಮ್ಮಗನ ಹಳಿಯ ಮೇಲೆ ಕೂರುತ್ತದೆ.

ನಮ್ಮ ನಿಜವಾದ ರೈಲಿಗೆ ಈ ಭಾಗ್ಯವಿರಲಿಲ್ಲ. 1992ರಲ್ಲಿ ದೇಶದ ಮಾರ್ಗಗಳನ್ನು ಒಂದೇ ಗೇಜಿಗೆ ತರುವ ಯೋಜನೆ ಆರಂಭವಾಯಿತು. ಹೋಟಗಿ–ಗದಗ ಮಾರ್ಗವೂ ಬ್ರಾಡ್ ಗೇಜಾಯಿತು. ಅದು ಆಗಲೇಬೇಕಿದ್ದ ಕೆಲಸ. ಮೂಟೆ ಹೊರುವ ಕಷ್ಟ ತಪ್ಪಿತು, ದೂರದ ಊರುಗಳಿಗೆ ನೇರ ಗಾಡಿ ಬಂತು. ಆದರೆ ನೂರು ವರ್ಷಕ್ಕೂ ಮೇಲೆ ಓಡಿದ ಎಂಜಿನ್ನು ಡಬ್ಬಿಗಳಿಗೆ ತಮ್ಮದೇ ಮಾರ್ಗದಲ್ಲಿ ಜಾಗವಿಲ್ಲದಾಯಿತು. ನಿಮ್ಮ ಅಜ್ಜ ಕೂತು ಹೋದ ಸಣ್ಣ ಗಾಡಿಯನ್ನು ನೀವು ಆ ಹಳಿಯ ಮೇಲೆ ನೋಡಲಾರಿರಿ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನುಗಳಿವೆ, ಮಹಾರಾಣಿಯವರ 1899ರ ಡಬ್ಬಿಯಿದೆ. ಆದರೆ ಅವು ಅಲ್ಲಿ ನಿಂತಿವೆ. ಬಾದಾಮಿಯ ಕೆಂಪು ಬಂಡೆಗಳ ಬದಿಯಲ್ಲಿ ಮೀಟರ್ ಗೇಜ್ ಗಾಡಿ ಮತ್ತೆ ಸಾಗಬೇಕಾದರೆ ಅದು ಮೇಜಿನ ಮೇಲೆಯೇ ಸಾಧ್ಯ.

ಇದು ವಿದೇಶದ ಶ್ರೀಮಂತರ ಹುಚ್ಚೆಂದು ಕೈಬಿಡಬೇಡಿ. ಪುಣೆಯಲ್ಲಿ ಭಾವೂಸಾಹೇಬ್ ಜೋಶಿಯವರು ಹವ್ಯಾಸವಾಗಿ ಕಟ್ಟಿದ ಕಿರು ರೈಲುಗಳ ನಗರ 1998ರಲ್ಲಿ ಸಾರ್ವಜನಿಕ ಸಂಗ್ರಹಾಲಯವಾಯಿತು. ಅವರ ನಂತರ ಮನೆಯವರೇ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಇನ್ನು ಕಂಪ್ಯೂಟರ್ ಓದುವವರಿಗೊಂದು ಮಾತು: ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಸಂಘವೊಂದು ಹುಟ್ಟಿತು. ಹಳಿಯ ಕೆಳಗೆ ಟೆಲಿಫೋನಿನ ಹಳೆಯ ರಿಲೇಗಳನ್ನು ಜೋಡಿಸುತ್ತಿದ್ದ ಹುಡುಗರಲ್ಲಿ ಕೆಲವರು ಮುಂದೆ ಕಂಪ್ಯೂಟರಿನ ಮೊದಮೊದಲ ಪ್ರೋಗ್ರಾಮುಗಳನ್ನು ಬರೆದವರ ಸಾಲಿಗೆ ಸೇರಿದರು.

ಮಾರುಕಟ್ಟೆಯ ಎಂಜಿನ್ ದುಬಾರಿ ನಿಜ. ಅದೂ ಯುರೋಪಿನ ಗೇಜಿನದು. ರಟ್ಟು, ಗೋಂದು, ಅಳತೆಪಟ್ಟಿ ಸಾಕು, ಶುರು ಮಾಡಿ. 1000ವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್, 1676ನ್ನು ಭಾಗಿಸಿದರೆ 19ಕ್ಕಿಂತ ತುಸು ಹೆಚ್ಚು. ಎರಡೂ ಹಳಿಗಳನ್ನು ಅಕ್ಕಪಕ್ಕ ಹಾಕಿ ನಡುವೆ ಪ್ಲಾಟ್‌ಫಾರಂ ಇಟ್ಟರೆ ಹಳೆಯ ಹೋಟಗಿ ಸಿದ್ಧ. ಮೀಟರ್ ಗೇಜಿನ ಪ್ರಸಿದ್ಧ ‘ವೈಪಿ’ ಉಗಿ ಎಂಜಿನ್ ಸುಮಾರು 19 ಮೀಟರ್ ಉದ್ದವಿತ್ತು. ನಿಮ್ಮದು 22 ಸೆಂಟಿಮೀಟರ್ ಆದೀತು. ಹೋಟಗಿಯಿಂದ ಗದಗಿನವರೆಗಿನ 284 ಕಿಲೋಮೀಟರ್ ಪೂರ್ತಿ ಹಾಕಲು ಹೊರಟರೆ ಮಾತ್ರ ಮೂರೂಕಾಲು ಕಿಲೋಮೀಟರ್ ಹಳಿ ಬೇಕು. ಆದ್ದರಿಂದ ಒಂದೇ ನಿಲ್ದಾಣ ಆರಿಸಿಕೊಳ್ಳಿ. ಅಲ್ಲಿ ಗಂಟೆಯನ್ನು ಎಲ್ಲಿ ತೂಗುಹಾಕಿದ್ದರು, ಎಂಜಿನ್ ನೀರು ಕುಡಿಯಲು ಎಲ್ಲಿ ನಿಲ್ಲುತ್ತಿತ್ತು, ಡಬ್ಬಿಯೊಳಗೆ ಹಲಗೆಗಳು ಉದ್ದಕ್ಕಿದ್ದವೋ ಅಡ್ಡಕ್ಕಿದ್ದವೋ ಎಂಬುದು ಪುಸ್ತಕದಲ್ಲಿ ಸಿಗಲಾರದು. ಅಜ್ಜನನ್ನು ಕೇಳಿ, ಬರೆದುಕೊಳ್ಳಿ, ಆಮೇಲೆ ರಟ್ಟು ಕತ್ತರಿಸಿ.